ಡಬ್ಬಿಯೊಳಗಿನ ಕಾಗದ



ಮೊದಲಿಗೆ ಒಂದು ತಪ್ಪೊಪ್ಪಿಗೆ. ಹೋದ ವರ್ಷ ರಾಜ್ಯೋತ್ಸವದ ವಾರದಲ್ಲಿ ಇದೇ ರೇಡಿಯೊದಲ್ಲಿ ಒಂದು ಭಾವಗೀತೆ ಹಾಕಿ, "ಬರೆದವರು ಜಿ.ಎಸ್. ಶಿವರುದ್ರಪ್ಪನವರು" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಹಾಡು ಮುಗಿಯುವ ಮೊದಲೇ ಆಸ್ಟಿನ್‌ನಿಂದ ಹಿರಿಯರೊಬ್ಬರ ಫೋನ್ ಬಂತು. "ಅಲ್ಲ ಸ್ವಾಮಿ, ಅದು ಲಕ್ಷ್ಮೀನಾರಾಯಣ ಭಟ್ಟರದ್ದು. ಕ್ಯಾಸೆಟ್ ನನ್ನ ಕೈಯಲ್ಲೇ ಇದೆ, ಓದಲಾ?" ಎಂದರು. ಓದಿದರು ಕೂಡ. ಕವಿ ಯಾರು, ರಾಗ ಸಂಯೋಜನೆ ಯಾರದು, ಹಾಡಿದವರು ಯಾರು, ತಬಲಾ ಯಾರು, ಕೊಳಲು ಯಾರು, ಕೊನೆಗೆ ಮುಖಪುಟದ ಚಿತ್ರ ಬರೆದವರ ಹೆಸರನ್ನೂ ಬಿಡಲಿಲ್ಲ. ಯಾವ ಹಾಡು ಎಂದು ಈಗ ಹೇಳುವುದಿಲ್ಲ. ಹೇಳಿದರೆ ‘ಇಷ್ಟೂ ಗೊತ್ತಿಲ್ಲವೇನಯ್ಯ ನಿನಗೆ’ ಎಂದು ನೀವೆಲ್ಲ ನಗುತ್ತೀರಿ.

ನಗಬೇಕಾದದ್ದೇ. ಏಕೆಂದರೆ ಆ ಹಾಡಿನ ಸಿ.ಡಿ. ನನ್ನ ಹತ್ತಿರವೂ ಇತ್ತು. ಡಾಲಸ್‌ನಲ್ಲಿ ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಸಾಮಾನು ಸಾಗಿಸಿ ಬೇಸತ್ತಿದ್ದ ದಿನಗಳಲ್ಲಿ, ಒಂದು ವಾರಾಂತ್ಯ ಕೂತು ನೂರಿಪ್ಪತ್ತು ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಡಬ್ಬಿಗಳನ್ನೂ ಅದರೊಳಗಿನ ಕಾಗದಗಳನ್ನೂ ರೀಸೈಕಲ್ ತೊಟ್ಟಿಗೆ ಹಾಕಿದೆ. ಹಾಡು ಉಳಿಯಿತಲ್ಲ, ಪ್ಲಾಸ್ಟಿಕ್ ಯಾಕೆ ಬೇಕು ಅಂದುಕೊಂಡೆ. ಹೆಂಡತಿ ಕೂಡ ‘ಅಂತೂ ಕಪಾಟು ಖಾಲಿಯಾಯಿತು’ ಎಂದು ಸಂತೋಷಪಟ್ಟಳು. ಇವತ್ತಿಗೆ ಆ ಹಾಡುಗಳೆಲ್ಲ ನನ್ನ ಹತ್ತಿರ ಇವೆ, ಆದರೆ ಅರ್ಧಕ್ಕರ್ಧ ಹಾಡುಗಳನ್ನು ಬರೆದವರು ಯಾರೆಂದು ನನ್ನ ಕಂಪ್ಯೂಟರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಹಾಡಿನ ಹೊದಿಕೆಯ ವಿಷಯ ಬಂದಾಗ ಜನ ಸಾಮಾನ್ಯವಾಗಿ ಅದರ ಅಂದದ ಮಾತಾಡುತ್ತಾರೆ. ದೊಡ್ಡ ರೆಕಾರ್ಡಿನ ಹೊದಿಕೆ, ಅದರ ಚಿತ್ರ, ಹೊಸ ಕಾಗದದ ವಾಸನೆ, ಹೀಗೆ. ಅವೆಲ್ಲ ನಿಜ. ಆದರೆ ನನಗೆ ಆಸ್ಟಿನ್‌ನ ಆ ಫೋನ್ ಬಂದ ಮೇಲೆ ಅನಿಸಿದ್ದು ಬೇರೆ. ಹೊದಿಕೆಯ ದೊಡ್ಡ ಕೆಲಸ ಅಲಂಕಾರವಲ್ಲ, ಸಾಕ್ಷಿ ಹೇಳುವುದು. ಯಾರು ಬರೆದರು, ಯಾರು ರಾಗ ಹಾಕಿದರು, ಯಾರು ಹಾಡಿದರು, ಯಾರು ನುಡಿಸಿದರು ಎಂಬುದಕ್ಕೆ ಅದೊಂದೇ ದಾಖಲೆ. ಇವತ್ತಿನ ಮಾತು ಆ ದಾಖಲೆಯ ಚರಿತ್ರೆಯ ಬಗ್ಗೆ.

ನಮ್ಮ ಹಿರಿಯರು ಈ ಸಮಸ್ಯೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಬಗೆಹರಿಸಿದ್ದರು ಎಂಬುದನ್ನು ಮರೆಯಬಾರದು. ವಚನಕ್ಕೆ ಹೊದಿಕೆ ಇರಲಿಲ್ಲ. ದಾಸರ ಪದಕ್ಕೆ ಲೇಬಲ್ ಇರಲಿಲ್ಲ. ಬಾಯಿಂದ ಬಾಯಿಗೆ, ಊರಿಂದ ಊರಿಗೆ ಹೋಗುವ ಹಾಡಿಗೆ ಕಾಗದ ಅಂಟಿಸುವುದು ಹೇಗೆ? ಹಾಗಾಗಿ ಹೆಸರನ್ನು ಹಾಡಿನ ಒಳಗೇ ಹೊಲಿದುಬಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಪುರಂದರ ವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯ ಆದಿಕೇಶವ ಎಂದರೆ ಕನಕದಾಸರು. ಶಿಶುನಾಳಾಧೀಶ ಎಂದ ಕೂಡಲೇ ಶರೀಫಜ್ಜ. ಕವಿ ತನ್ನ ಹೆಸರು ಹೇಳಿಕೊಳ್ಳದೆ ದೇವರ ಹೆಸರು ಹೇಳುತ್ತಾನೆ, ನಮಗೆ ಕವಿಯ ಗುರುತು ಸಿಗುತ್ತದೆ. ಅಂಕಿತವನ್ನು ಯಾರೂ ರೀಸೈಕಲ್ ತೊಟ್ಟಿಗೆ ಹಾಕಲಾರರು. ಕೆಲವೊಮ್ಮೆ ಒಬ್ಬರ ಅಂಕಿತ ಇನ್ನೊಬ್ಬರ ಹಾಡಿಗೆ ಸೇರಿಕೊಂಡು ವಿದ್ವಾಂಸರಿಗೆ ಕೆಲಸ ಕೊಟ್ಟದ್ದುಂಟು, ಆದರೂ ಒಟ್ಟಾರೆ ಏರ್ಪಾಡು ಗಟ್ಟಿಯಾದದ್ದು.

ನವೋದಯದಿಂದೀಚೆಗಿನ ಕವಿಗಳಿಗೆ ಈ ಅಂಕಿತ ಇಲ್ಲ. ಅಚ್ಚಿನ ಪುಸ್ತಕದ ಕಾಲದವರು ಅವರು, ಹೆಸರು ಪುಸ್ತಕದ ಮುಖಪುಟದ ಮೇಲಿರುತ್ತದೆ ಎಂಬ ಧೈರ್ಯ. ಅವರ ಕವನ ಪುಸ್ತಕ ಬಿಟ್ಟು ಹಾಡಾಗಿ ಹೊರಟಾಗ, ಹೆಸರು ಜೊತೆಗೆ ಹೋಗಲು ಇನ್ನೊಂದು ಕಾಗದ ಬೇಕಾಯಿತು. ಅಲ್ಲಿಗೆ ರೆಕಾರ್ಡಿನ ಕಥೆ ಬರುತ್ತದೆ.

ಅದು ಶುರುವಾದದ್ದೇ ಕಾಗದ ಇಲ್ಲದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯೊಂದರಲ್ಲಿ ಭಾರತದ ಮೊದಮೊದಲ ವಾಣಿಜ್ಯ ರೆಕಾರ್ಡಿಂಗ್ ಮಾಡಿದ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಸುಮಾರು ಮೂರು ನಿಮಿಷದಲ್ಲಿ ಖಯಾಲ್ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಗೌಹರ್ ಜಾನ್ ಎಂದು ಕೂಗಿ ಹೇಳುತ್ತಾರೆ. ಕೇಳಿದವರಿಗೆ ಇದು ಜಂಬದಂತೆ ಕಾಣುತ್ತದೆ. ಜಂಬವಲ್ಲ. ಆಗ ನಮ್ಮಲ್ಲಿ ರೆಕಾರ್ಡ್ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಹಿಂದೂಸ್ತಾನಿ ಗೊತ್ತಿಲ್ಲ, ಬಂಗಾಳಿ ಗೊತ್ತಿಲ್ಲ. ಯಾವ ತಟ್ಟೆ ಯಾರದ್ದೆಂದು ತಿಳಿದು ಸರಿಯಾದ ಹೆಸರು ಹಾಕಲು ಹಾಡಿದವರೇ ಹೇಳಬೇಕಿತ್ತು. ಅಂಕಿತ ಮತ್ತೆ ಹಾಡಿನೊಳಗೆ ಬಂತು ನೋಡಿ, ಈ ಸಲ ಕಾರ್ಖಾನೆಯ ಅನುಕೂಲಕ್ಕಾಗಿ.

ಗೌಹರ್ ಜಾನ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ರೆಕಾರ್ಡ್ ಕೊಟ್ಟವರು. ಆಸ್ಟ್ರಿಯಾದ ಬೆಂಕಿಪೊಟ್ಟಣದ ಮೇಲೂ ಅವರ ಚಿತ್ರ ಅಚ್ಚಾಗಿತ್ತಂತೆ. ನಮಗೆ ಅವರು ಇನ್ನೂ ಒಂದು ಕಾರಣಕ್ಕೆ ಹತ್ತಿರದವರು. ಹಣ, ವೈಭವ ಎಲ್ಲ ಕರಗಿದ ಮೇಲೆ 1928ರಲ್ಲಿ ಅವರಿಗೆ ಆಶ್ರಯ ಕೊಟ್ಟದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅವರ ಬಗ್ಗೆ ವಿಸ್ತಾರವಾದ ಜೀವನಚರಿತ್ರೆ 2010ರಲ್ಲಿ ಬಂದದ್ದೂ ಬೆಂಗಳೂರಿನ ವಿಕ್ರಮ್ ಸಂಪತ್ ಅವರಿಂದ. ಪುಸ್ತಕದ ಹೆಸರೇ ಆ ಕೂಗು. ನೂರು ವರ್ಷ ಕಳೆದ ಮೇಲೂ ಹಾಡುಗಾರ್ತಿಯನ್ನು ಗುರುತಿಸಲು ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷಿ ಅದು.

ಆಮೇಲೆ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ, 1928ರಲ್ಲಿ ಡಂಡಂನಲ್ಲಿ ಕಾರ್ಖಾನೆಗಳು ಬಂದವು. ತಟ್ಟೆಯ ನಡುವೆ ಅಚ್ಚಾದ ದುಂಡು ಲೇಬಲ್ ಕೂತಿತು. ಅರಗಿನ ತಟ್ಟೆ, ಅದನ್ನು ತೂರಿಸಲು ಕಂದು ಕಾಗದದ ಚೀಲ, ಚೀಲದ ನಡುವೆ ಲೇಬಲ್ ಕಾಣುವಂತೆ ಒಂದು ತೂತು. ಬಂಗಾರದ ಬಣ್ಣದ ಅಕ್ಷರ, ಕೊಳವೆಗೆ ಕಿವಿಗೊಟ್ಟ ನಾಯಿ. ಹಾಡುಗಾರರು ಹೆಸರು ಕೂಗುವ ಅಗತ್ಯ ಇಲ್ಲವಾಯಿತು. ಒಂದು ಮಾತು ಇಲ್ಲಿ ಸೇರಿಸಬೇಕು. ಸಾಕ್ಷಿ ಎಂದೆನಲ್ಲ, ಎಲ್ಲ ಸಾಕ್ಷಿಗಳಂತೆ ಲೇಬಲ್ ಕೂಡ ಸುಳ್ಳು ಹೇಳಬಲ್ಲದು. 1930ರ ದಶಕದ ಆರಂಭದಲ್ಲಿ ಹುಬ್ಬಳ್ಳಿಯಿಂದ ಹಾಡಲು ಬಂದ ಹುಡುಗಿಯೊಬ್ಬಳ ಎಚ್.ಎಂ.ವಿ. ರೆಕಾರ್ಡುಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಅವರೇ ಗಂಗೂಬಾಯಿ ಹಾನಗಲ್. ಆ ಹೆಸರು ಅವರ ತಾಯಿ ಅಂಬಾಬಾಯಿ ಇಟ್ಟದ್ದಲ್ಲ, ಮಾರಾಟದ ಲೆಕ್ಕಾಚಾರ ಇಟ್ಟದ್ದು. ಆದರೆ ಸುಳ್ಳು ಹೆಸರಾದರೂ ಅಚ್ಚಾಗಿದ್ದರಿಂದ ತಾನೆ ಮುಂದೆ ‘ಗಾಂಧಾರಿ ಎಂದರೆ ಗಂಗೂಬಾಯಿ’ ಎಂದು ಜೋಡಿಸಿ ಹೇಳಲು ಸಾಧ್ಯವಾದದ್ದು? ಹೆಸರೇ ಇಲ್ಲದ ಕಡತವನ್ನು ಯಾವುದರ ಜೊತೆ ಜೋಡಿಸುತ್ತೀರಿ?

ಅದೇ ಸುಮಾರಿಗೆ, ಗದಗಿನಲ್ಲಿ ಶಾಲೆಯಿಂದ ಮನೆಗೆ ಬರುವ ದಾರಿಯ ಅಂಗಡಿಯಲ್ಲಿ ಹಾಕುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ ಒಬ್ಬ ಹುಡುಗ ಮೈಮರೆತು ನಿಂತ. ಹಾಡಿದರೆ ಹೀಗೆ ಹಾಡಬೇಕೆಂದು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಭೀಮಸೇನ ಜೋಶಿಯವರ ಈ ಕಥೆ ನಿಮಗೆಲ್ಲ ಗೊತ್ತು. ನಾನು ಅದರಲ್ಲಿ ಗಮನಿಸುವುದು ಸಣ್ಣ ಸಂಗತಿ. ಹುಡುಗನಿಗೆ ಹಾಡಿನ ಜೊತೆ ಹಾಡಿದವರ ಹೆಸರೂ ಸಿಕ್ಕಿತ್ತು. ಹೆಸರು ಸಿಕ್ಕಿದ್ದರಿಂದ ಆ ಘರಾನೆ ಯಾವುದು, ಅವರ ಶಿಷ್ಯರು ಎಲ್ಲಿದ್ದಾರೆ ಎಂದು ಹುಡುಕುವ ದಾರಿ ಇತ್ತು. ಕೊನೆಗೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆ ಬಾಗಿಲಿಗೆ ಬಂದು ನಿಂತ.

ಹೊದಿಕೆಗೆ ಚಿತ್ರ ಬಂದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ, ಬರಿಯ ಬೂದು ರಟ್ಟಿನಲ್ಲಿ ಮಾರುವ ಬದಲು ರೆಕಾರ್ಡಿಗೆ ಚಿತ್ರದ ಹೊದಿಕೆ ಮಾಡಿದ. ಆಗ ನಾಲ್ಕಾರು ತಟ್ಟೆಗಳನ್ನು ಫೋಟೊ ಆಲ್ಬಮ್ಮಿನಂತೆ ಹೊಲಿದು ಮಾರುತ್ತಿದ್ದರು, ನಾವು ಇಂದಿಗೂ ‘ಆಲ್ಬಂ’ ಎನ್ನುವುದು ಅದರಿಂದಲೇ. 1948ರಲ್ಲಿ ಎಲ್.ಪಿ. ಬಂತು, ಹನ್ನೆರಡು ಅಂಗುಲದ ಚೌಕ, ಹಿಂಬದಿಯಲ್ಲಿ ಪುಟಗಟ್ಟಲೆ ಬರೆಯಲು ಜಾಗ. 1955ರಲ್ಲಿ ಅಲಿ ಅಕ್ಬರ್ ಖಾನರ ಎಲ್.ಪಿ. ಅಮೆರಿಕದಲ್ಲಿ ಹೊರಬಂದಾಗ ಹೊದಿಕೆಯ ಬರಹವೂ ಸಾಲದೆಂದು ಯೆಹೂದಿ ಮೆನುಹಿನ್ ರೆಕಾರ್ಡಿನ ಒಳಗೇ ಮಾತಾಡಿ ರಾಗ ತಾಳಗಳನ್ನು ಪರಿಚಯಿಸಿದರು. ಗೊತ್ತಿಲ್ಲದವರಿಗೆ ಸಂಗೀತ ತಲುಪಿಸುವಾಗ ಸಂಗೀತದ ಜೊತೆ ನಾಲ್ಕು ಮಾತೂ ಹೋಗಬೇಕೆಂದು ಅವರಿಗೆ ತಿಳಿದಿತ್ತು.

ನಾವು ವಾಸವಾಗಿರುವ ಟೆಕ್ಸಾಸ್ ಈ ಕಥೆಯಲ್ಲಿ ಬಹಳ ದೊಡ್ಡ ಊರು. ಡಾಲಸ್ ಪೇಟೆಯಲ್ಲಿ 508 ಪಾರ್ಕ್ ಅವೆನ್ಯೂ ಎಂಬ ಕಟ್ಟಡವಿದೆ. 1937ರ ಜೂನ್‌ನಲ್ಲಿ ರಾಬರ್ಟ್ ಜಾನ್ಸನ್ ಎಂಬ ಕಪ್ಪು ಹಾಡುಗಾರ ಅಲ್ಲಿ ಹಾಡಿದ. ಮರುವರ್ಷ ತೀರಿಕೊಂಡ, ವಯಸ್ಸು ಇಪ್ಪತ್ತೇಳು. 1961ರಲ್ಲಿ ಅವನ ಹಾಡುಗಳನ್ನು ಎಲ್.ಪಿ. ಮಾಡಿದಾಗ ಹೊದಿಕೆಗೆ ಹಾಕಲು ಒಂದು ಫೋಟೊ ಕೂಡ ಕೈಗೆ ಸಿಗದೆ, ಕುರ್ಚಿಯ ಮೇಲೆ ಬಗ್ಗಿ ಗಿಟಾರ್ ನುಡಿಸುವವನ ಚಿತ್ರ ಬರೆಸಿದರು. ಬ್ರಿಟನ್ನಿನ ಒಂದಿಡೀ ತಲೆಮಾರಿನ ಗಿಟಾರ್ ವಾದಕರು ಅವನನ್ನು ಅರಿತದ್ದು ಆ ಮುಖವಿಲ್ಲದ ಹೊದಿಕೆಯಿಂದ.

ನನಗೆ ಇನ್ನೂ ಇಷ್ಟವಾದದ್ದು ನವಸೋಟದ ಕಥೆ. ಹೋದ ತಿಂಗಳು ನಾನು ಡಾಲಸ್‌ನಿಂದ ಹ್ಯೂಸ್ಟನ್‌ಗೆ ಹೋಗಿ (ಯಾಕೆ ಹೋದೆ ಎಂದು ಮುಂದೆ ಹೇಳುತ್ತೇನೆ) ಅಲ್ಲಿಂದ ಆಸ್ಟಿನ್‌ಗೆ ಹೊರಟವನು, ದಾರಿ ಸ್ವಲ್ಪ ಸುತ್ತಾದರೂ ಸರಿ ಎಂದು ಆರನೇ ಹೆದ್ದಾರಿ ಹಿಡಿದು ನವಸೋಟಕ್ಕೆ ಹೋಗಿದ್ದೆ. ಚಿಕ್ಕ ಊರು. ಪಾರ್ಕಿನಲ್ಲಿ ಗಿಟಾರ್ ಹಿಡಿದು ಕೂತ ಮ್ಯಾನ್ಸ್ ಲಿಪ್ಸ್‌ಕಂಬ್ ಎಂಬವರ ಕಂಚಿನ ಪ್ರತಿಮೆ ಇದೆ. ಜೀವನವಿಡೀ ಬೇರೆಯವರ ಹೊಲವನ್ನು ಪಾಲಿಗೆ ಮಾಡಿದ ರೈತ. ಶನಿವಾರ ರಾತ್ರಿಗಳಲ್ಲಿ ಸುತ್ತಮುತ್ತಲಿನವರಿಗೆ ಹಾಡುತ್ತಿದ್ದ. 1960ರಲ್ಲಿ, ಅವನಿಗೆ 65 ವರ್ಷವಾಗಿದ್ದಾಗ, ಕ್ರಿಸ್ ಸ್ಟ್ರಾಕ್‌ವಿಟ್ಸ್ ಎಂಬ ಯುವಕ ಹ್ಯೂಸ್ಟನ್ನಿನ ಮ್ಯಾಕ್ ಮೆಕಾರ್ಮಿಕ್ ಜೊತೆ ಹುಡುಕಿಕೊಂಡು ಬಂದು ಅವನ ಮನೆಯಲ್ಲೇ ಕೂತು ಹಾಡಿಸಿಕೊಂಡ. ಅದೇ ಆರ್‌ಹೂಲಿ ಎಂಬ ಕಂಪನಿಯ ಮೊಟ್ಟಮೊದಲ ಎಲ್.ಪಿ. ಮೊದಲು ಒತ್ತಿಸಿದ್ದು 250 ಪ್ರತಿ. ಹೊದಿಕೆಗೆ ದುಡ್ಡು ಸಾಲದೆ ಸ್ಟ್ರಾಕ್‌ವಿಟ್ಸ್ ಮತ್ತು ಗೆಳೆಯರು ಮೇಜಿನ ಸುತ್ತ ಕೂತು, ಖಾಲಿ ರಟ್ಟಿನ ಮೇಲೆ ಅಚ್ಚಾದ ಹಾಳೆಯನ್ನು ಕೈಯಾರೆ ಅಂಟಿಸಿದರು. ಹೆಸರಿನ ಜೊತೆ ಅವನ ಕಸುಬನ್ನೂ ಎಲ್.ಪಿ.ಯ ಶೀರ್ಷಿಕೆಯಲ್ಲೇ ಅಚ್ಚು ಹಾಕಿದ್ದರು: ಟೆಕ್ಸಾಸಿನ ಪಾಲುಗಾರ ರೈತ ಮತ್ತು ಹಾಡುಗಾರ. ಸರಿಯಾದ ಬೆಲೆಗೆ ಮಾರುವುದಕ್ಕೆ ಅಷ್ಟೆಲ್ಲ ಕಷ್ಟ ಬೇಕಿರಲಿಲ್ಲ, ಬಿಳಿ ಚೀಲದಲ್ಲಿ ಹಾಕಿ ಮಾರಬಹುದಿತ್ತು. ಗೋಂದು ಹಚ್ಚಿದ ಆ ಹಾಳೆ ಇರದಿದ್ದರೆ ಆ ಊರಿನಲ್ಲಿ ಇವತ್ತು ಪ್ರತಿಮೆ ಇರುತ್ತಿತ್ತೆ ಎಂದು ಅಲ್ಲಿ ನಿಂತು ಯೋಚಿಸಿದೆ. ಆರ್‌ಹೂಲಿಯ ಭಂಡಾರ 2016ರಿಂದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

ಇನ್ನು ಹ್ಯೂಸ್ಟನ್‌ಗೆ ಹೋದ ಕಾರಣ. ಅಲ್ಲಿ ನಮಗೆ ಬೇಕಾದ ಒಬ್ಬ ಆಂಟಿ ಇದ್ದಾರೆ, 1970ರ ದಶಕದ ಕೊನೆಯಲ್ಲಿ ಬಂದವರು. ಅಂಕಲ್ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಮಗಳ ಮನೆಯ ಹತ್ತಿರ ಚಿಕ್ಕ ಮನೆಗೆ ಹೋಗುತ್ತಿದ್ದಾರೆ. "ಗ್ಯಾರೇಜಿನಲ್ಲಿ ಕ್ಯಾಸೆಟ್ಟಿನ ಡಬ್ಬ ಇದೆ ಕಣಪ್ಪ, ಮಗಳು ಎಸೀತೀನಿ ಅಂತಾಳೆ. ನಿಮ್ಮ ರೇಡಿಯೊದವರಿಗೆ ಬೇಕಾ?" ಎಂದು ಫೋನ್ ಮಾಡಿದ್ದರು. ಒಂದು ಡಬ್ಬ ಎಂದುಕೊಂಡು ಹೋದರೆ ಒಂಬತ್ತು ಡಬ್ಬ. ಹ್ಯೂಸ್ಟನ್ನಿನ ಸೆಕೆಯಲ್ಲಿ ನಲವತ್ತು ವರ್ಷ ಬೆಂದ ಕ್ಯಾಸೆಟ್ಟುಗಳು. ಕೆಲವು ಟೇಪು ಅಂಟಿಕೊಂಡಿದ್ದವು. ಆದರೆ ಡಬ್ಬಿಯೊಳಗಿನ ಕಾಗದಗಳು ಹೆಚ್ಚುಕಡಿಮೆ ಎಲ್ಲ ಚೆನ್ನಾಗಿದ್ದವು.

ಕ್ಯಾಸೆಟ್ಟಿಗೆ ನಾವು ಕನ್ನಡದವರು ಎಷ್ಟು ಚೆಂದದ ಹೆಸರು ಕೊಟ್ಟಿದ್ದೆವು ನೋಡಿ: ಧ್ವನಿಸುರುಳಿ. ರೆಕಾರ್ಡಿಗೆ ಧ್ವನಿಮುದ್ರಿಕೆ, ಸಿ.ಡಿ.ಗೆ ಧ್ವನಿಸಾಂದ್ರಿಕೆ. ಡೌನ್‌ಲೋಡಿಗೆ ಇಂಥ ಒಂದು ಹೆಸರು ಅಂಟಲೇ ಇಲ್ಲ. ಕೈಗೆ ಸಿಗದ ವಸ್ತುವಿಗೆ ನಾಮಕರಣ ಮಾಡುವುದು ಕಷ್ಟವೇನೋ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಭಾರತಕ್ಕೆ ಅದು ಜೋರಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಗಲ್ಫಿನಿಂದ ಬಂದವರ ಕೈಯಲ್ಲಿನ ಟೂ-ಇನ್-ಒನ್ ಜೊತೆ. ಅಲ್ಲಿಯತನಕ ಯಾರ ಹಾಡು ರೆಕಾರ್ಡ್ ಆಗಬೇಕೆಂಬುದು ಹೆಚ್ಚುಕಡಿಮೆ ಒಂದೇ ಕಂಪನಿಯ ಕೈಯಲ್ಲಿತ್ತು. ಕ್ಯಾಸೆಟ್ ಬಂದ ಮೇಲೆ ಊರೂರಲ್ಲೂ ಕಂಪನಿಗಳು ಹುಟ್ಟಿದವು, ನಮ್ಮಲ್ಲಿ ಲಹರಿ, ಸಂಗೀತಾ ಮೊದಲಾದವು ಮನೆಮಾತಾದವು. ಯಕ್ಷಗಾನ, ಹರಿಕಥೆ, ಗೀಗೀ ಪದ, ಪ್ರವಚನ, ನಗೆಹಬ್ಬ ಎಲ್ಲಕ್ಕೂ ಒಂದೊಂದು ಧ್ವನಿಸುರುಳಿ. ಇದರಲ್ಲಿ ಸುಗಮ ಸಂಗೀತಕ್ಕೆ ಒಂದು ನಿರ್ದಿಷ್ಟ ವರ್ಷವೇ ಇದೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೆಸರಾಯಿತು. ಪಿ. ಕಾಳಿಂಗರಾಯರು 78ರ ತಟ್ಟೆಗಳ ಕಾಲದಿಂದ ಹಾಕಿಕೊಟ್ಟ ದಾರಿಯದು. ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಕ್ಯಾಸೆಟ್ಟಿನಲ್ಲಿ ಅದನ್ನು ಹೆದ್ದಾರಿ ಮಾಡಿದರು. ಶರೀಫಜ್ಜನನ್ನು ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದೂ ಇದೇ ಸುರುಳಿಯಲ್ಲಿ.

ಸಿನಿಮಾ ಹಾಡಿನ ಹೊದಿಕೆ ನಾಯಕನ ಫೋಟೊದಿಂದ ನಡೆಯುತ್ತದೆ. ಭಾವಗೀತೆಯ ಕ್ಯಾಸೆಟ್ಟಿನ ಇನ್‌ಲೇ ಕಾರ್ಡು ಹಾಗಲ್ಲ. ಅಂಗೈಗಿಂತ ಚಿಕ್ಕ ಕಾಗದ, ಮೂರು ನಾಲ್ಕು ಮಡಿಕೆ. ಮುಂದೆ ಕವಿಯ ಹೆಸರು, ಬೆನ್ನಿನ ಮೇಲೆ ಕವನ ಸಂಕಲನದ ಹೆಸರು. ಬಿಡಿಸಿದರೆ ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಎಂಟು ಹಾಡಿನ ಪೂರ್ತಿ ಸಾಹಿತ್ಯ. ಆಂಟಿಯ ಗ್ಯಾರೇಜಿನಲ್ಲಿ ನೆಲದ ಮೇಲೆ ಕೂತು ನಾನು ಇವನ್ನು ಒಂದೊಂದೇ ಬಿಡಿಸಿ ನೋಡಿದೆ. ಕೆಲವದರ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಇಂಗ್ಲಿಷ್ ಅಕ್ಷರದ ಬರಹ. "ಅದಾ? ಮಗಳಿಗೆ ಕನ್ನಡ ಓದಲು ಬರ್ತಿರಲಿಲ್ಲ. ಸಂಘದ ಕಾರ್ಯಕ್ರಮಕ್ಕೆ ಹಾಡೋಕೆ ಅಂತ ಅವರಪ್ಪ ಬರೆದುಕೊಟ್ಟಿದ್ದು" ಎಂದರು ಆಂಟಿ. ಒಂದು ಕಾಗದದಲ್ಲಿ ಕಠಿಣ ಪದಗಳ ಕೆಳಗೆ ಗೆರೆ ಎಳೆದು ಅರ್ಥ ಬರೆದಿತ್ತು. ಇನ್ನೊಂದರ ಹಿಂದೆ ತಾರೀಕು, ಮತ್ತು ‘ಗಾಂಧಿಬಜಾರ್, ಅಣ್ಣ ಕೊಡಿಸಿದ್ದು’ ಎಂಬ ಟಿಪ್ಪಣಿ. ಊರಿಗೆ ಹೋಗಿ ಬರುವಾಗ ಸೂಟ್‌ಕೇಸಿನಲ್ಲಿ ಹುರಿಗಡಲೆ ಚಟ್ನಿಪುಡಿಯ ನಡುವೆ ತೂರಿಸಿ ತಂದ ಕ್ಯಾಸೆಟ್ಟುಗಳಿವು. 2000ದಲ್ಲಿ ಹ್ಯೂಸ್ಟನ್ನಿನಲ್ಲೇ ಅಕ್ಕ ಸಮ್ಮೇಳನ ನಡೆದಾಗ ಅಲ್ಲಿ ಕೊಂಡ ನಾಲ್ಕು ಸಿ.ಡಿ. ಕೂಡ ಇತ್ತು, ಒಂದರ ಮೇಲೆ ಹಾಡಿದವರ ಹಸ್ತಾಕ್ಷರ.

ಮಗಳು ನನ್ನ ವಯಸ್ಸಿನವಳೇ. ಎಸೆಯುತ್ತೇನೆ ಎಂದದ್ದರಲ್ಲಿ ಅವಳ ತಪ್ಪೇನಿಲ್ಲ, ಅವಳಿಗೆ ಬೇಕಾದ ಹಾಡೆಲ್ಲ ಫೋನಿನಲ್ಲಿದೆ. ಅಪ್ಪನ ಅಕ್ಷರ ಕಂಡಾಗ ಮಾತ್ರ ಆ ಒಂದು ಕಾಗದವನ್ನು ಕೈಯಿಂದ ಬಿಡಲಿಲ್ಲ. ನಾನೂ ಕೇಳಲಿಲ್ಲ.

ಈಗ ಫೋನಿನಲ್ಲಿರುವ ಹಾಡಿನ ವಿಚಾರ. ತಾಂತ್ರಿಕ ಮಾತು ಎರಡು ನಿಮಿಷ ಸಹಿಸಿಕೊಳ್ಳಿ, ನಮ್ಮಲ್ಲಿ ಅರ್ಧದಷ್ಟು ಜನ ಸಾಫ್ಟ್‌ವೇರಿನವರೇ ತಾನೆ. ಹಾಡನ್ನು ಎಂ.ಪಿ.3 ಕಡತ ಮಾಡಿದಾಗ ಅದರ ಬಾಲಕ್ಕೆ ಒಂದು ಚೀಟಿ ಕಟ್ಟುವ ಪದ್ಧತಿ 1996ರಲ್ಲಿ ಬಂತು. ಐ.ಡಿ.3 ಎಂದು ಅದರ ಹೆಸರು. ಚೀಟಿಯ ಒಟ್ಟು ಅಳತೆ 128 ಬೈಟ್. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಷರಾ ಬರೆಯಲು 30. ಕವಿಗೆ ಜಾಗ ಇಲ್ಲ. ರಾಗ ಸಂಯೋಜಕರಿಗೆ ಇಲ್ಲ. ಐದು ಜನ ಹಾಡಿದ್ದರೆ ಮೂವತ್ತು ಅಕ್ಷರದಲ್ಲಿ ಒಬ್ಬಿಬ್ಬರು ಮಾತ್ರ ಹಿಡಿಸುತ್ತಾರೆ. ಕನ್ನಡ ಲಿಪಿಗೆ ಅದರಲ್ಲಿ ಏರ್ಪಾಡೇ ಇರಲಿಲ್ಲ. ಹಾಡು ಯಾವ ಬಗೆಯದೆಂದು ಹೇಳಲು 80 ವರ್ಗಗಳ ಒಂದು ಪಟ್ಟಿ ಇತ್ತು. ಅದರಲ್ಲಿ ಕರ್ನಾಟಕ ಸಂಗೀತ ಇಲ್ಲ, ಹಿಂದೂಸ್ತಾನಿ ಇಲ್ಲ. ‘ಎಥ್ನಿಕ್’ ಎಂಬುದಿತ್ತು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಎಥ್ನಿಕ್, ರಾಜು ಅನಂತಸ್ವಾಮಿಯವರೂ ಎಥ್ನಿಕ್.

ಸಿ.ಡಿ.ಯ ವಿಷಯದಲ್ಲಿ ಇನ್ನೊಂದು ತಮಾಷೆ. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೊ ಸಿ.ಡಿ.ಗಳ ತಟ್ಟೆಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರೇ ಇರುತ್ತಿರಲಿಲ್ಲ. ಹೆಸರೆಲ್ಲ ಕಾಗದದ ಮೇಲೆ. ಕಂಪ್ಯೂಟರಿಗೆ ಹಾಕಿದಾಗ ತಾನಾಗಿ ಮೂಡುತ್ತಿದ್ದ ಹೆಸರುಗಳು, ಎಲ್ಲೋ ಇದ್ದ ಯಾರೋ ಒಬ್ಬ ಪುಣ್ಯಾತ್ಮ ಕಾಗದ ನೋಡಿ ಟೈಪ್ ಮಾಡಿ ಇಂಟರ್‌ನೆಟ್ಟಿನ ಪಟ್ಟಿಗೆ ಸೇರಿಸಿದ್ದವು. ಅವನು ‘ಟ್ರ್ಯಾಕ್ 4’ ಎಂದು ಬಿಟ್ಟಿದ್ದರೆ ಜಗತ್ತಿಗೆಲ್ಲ ಅದು ಟ್ರ್ಯಾಕ್ 4. ನಾನು ಶಿವರುದ್ರಪ್ಪನವರ ಹೆಸರು ಹೇಳಿದ್ದು ಇಂಥದೇ ಒಂದು ಪಟ್ಟಿಯನ್ನು ನಂಬಿ.

ನ್ಯಾಯವಾಗಿ ಮಾತಾಡಬೇಕು. ಆಮೇಲಿನ ಐ.ಡಿ.3 ಆವೃತ್ತಿಗಳಲ್ಲಿ ಗೀತ ರಚನೆಕಾರರಿಗೆ, ಸಂಯೋಜಕರಿಗೆ ಪ್ರತ್ಯೇಕ ಜಾಗ ಬಂತು, ಕನ್ನಡ ಅಕ್ಷರವೂ ಹಿಡಿಸುತ್ತದೆ. ಜಾಗ ಇದೆ, ತುಂಬುವವರು ಕಡಿಮೆ. ಹಾಗೆಯೇ ಕಾಗದವೆಲ್ಲ ಸತ್ಯಹರಿಶ್ಚಂದ್ರನೂ ಅಲ್ಲ. ಎಷ್ಟೋ ಕ್ಯಾಸೆಟ್ಟುಗಳಲ್ಲಿ ನುಡಿಸಿದವರ ಹೆಸರಿಲ್ಲ, ಹಿನ್ನೆಲೆಯ ಕೋರಸ್ ಹುಡುಗಿಯರ ಹೆಸರಂತೂ ಇಲ್ಲವೇ ಇಲ್ಲ. ಕಳ್ಳ ಕ್ಯಾಸೆಟ್ಟುಗಳಲ್ಲಿ ನಾಲ್ಕನೇ ಸಲ ಜೆರಾಕ್ಸ್ ಮಾಡಿದ ಮಸಿ ಬಿಟ್ಟರೆ ಏನೂ ಕಾಣದು. ಇನ್ನೊಂದು ಕಡೆ, ಇವತ್ತು ಮಂಡ್ಯದ ಹುಡುಗನೊಬ್ಬ ಕಾಸು ಖರ್ಚಿಲ್ಲದೆ ಗೌಹರ್ ಜಾನರ ಕೂಗನ್ನು ಕೇಳಬಲ್ಲ. ಅದು ಸಣ್ಣ ಮಾತಲ್ಲ. ಹಳೆಯ ತಟ್ಟೆಯನ್ನು ಇಂಟರ್‌ನೆಟ್ಟಿಗೆ ಏರಿಸುವಾಗ ಲೇಬಲ್ಲಿನ ಫೋಟೊವನ್ನೂ ಜೊತೆಗಿಡುವ ಸಂಗ್ರಾಹಕರಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಅಮೆರಿಕದಲ್ಲಿ ಎಲ್.ಪಿ. ಮತ್ತೆ ಬಂದಿದೆ, ಬಲ್ಲಿರಿ. 2022ರಲ್ಲಿ ಇಲ್ಲಿ 4 ಕೋಟಿ 10 ಲಕ್ಷ ಎಲ್.ಪಿ. ಮತ್ತು ಇ.ಪಿ.ಗಳು, 3 ಕೋಟಿ 30 ಲಕ್ಷ ಸಿ.ಡಿ.ಗಳು ಹೋದವು. 1987ರ ನಂತರ ಎಣಿಕೆಯಲ್ಲಿ ಎಲ್.ಪಿ. ಮುಂದಾದದ್ದು ಅದೇ ಮೊದಲು. ಆಸ್ಟಿನ್‌ನಲ್ಲಿ 1982ರಿಂದ ವಾಟರ್‌ಲೂ ರೆಕಾರ್ಡ್ಸ್ ಇದೆ, ಹ್ಯೂಸ್ಟನ್ನಿನ ಕ್ಯಾಕ್ಟಸ್ ಮ್ಯೂಸಿಕ್ 2006ರಲ್ಲಿ ಬಾಗಿಲು ಹಾಕಿ ಮರುವರ್ಷವೇ ಮತ್ತೆ ತೆರೆಯಿತು. ನನ್ನ ಮಗ ಕೂಡ ದುಡ್ಡು ಕೂಡಿಟ್ಟು ಎಲ್.ಪಿ. ಕೊಳ್ಳುತ್ತಾನೆ, ಮನೆಯಲ್ಲಿ ಅದನ್ನು ನುಡಿಸುವ ಯಂತ್ರ ಇಲ್ಲ. ಯಾಕೋ ಮರಿ ಎಂದರೆ, "ಅಪ್ಪ, ಇದು ಓದೋಕೆ" ಎನ್ನುತ್ತಾನೆ. ಇಂಗ್ಲಿಷ್ ಹಾಡಿಗೆ ಈ ಭಾಗ್ಯ ಉಂಟು, ಅದರ ಹಿಂದೆ ಮಾರುಕಟ್ಟೆ ಇದೆ. 1978ರ ಕನ್ನಡ ಕ್ಯಾಸೆಟ್ಟಿನ ಕಾಗದವನ್ನು ಯಾವ ಮಾರುಕಟ್ಟೆ ಮರುಮುದ್ರಿಸುತ್ತದೆ? ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ, ಅದರ ಪ್ರಿಂಟೇ ಉಳಿದಿಲ್ಲ. ಕಳೆದುಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ.

ಆ ಒಂಬತ್ತು ಡಬ್ಬ ಈಗ ಆಸ್ಟಿನ್‌ನಲ್ಲಿವೆ, ನನ್ನ ತಪ್ಪು ತಿದ್ದಿದ ಹಿರಿಯರ ಮನೆಯಲ್ಲಿ. ನಿವೃತ್ತರಾದ ಮೇಲೆ ಅವರು ಮಾಡುತ್ತಿರುವ ಕೆಲಸ ಇದೇ. ಕಾಗದಗಳನ್ನು ಎರಡೂ ಬದಿ ಸ್ಕ್ಯಾನ್ ಮಾಡುತ್ತಾರೆ, ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಿ ಕಡತದ ಬಾಲಕ್ಕೆ ಕಟ್ಟುತ್ತಾರೆ, ಪೆನ್ಸಿಲ್ ತೂರಿಸಿ ಟೇಪು ಸುತ್ತುತ್ತಾರೆ. ಇಲ್ಲಿಯತನಕ 212 ಕಾಗದ ಮುಗಿದಿವೆ. ನಮ್ಮ ರೇಡಿಯೊದಲ್ಲೂ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ಆಕಾಶವಾಣಿಯವರು ಮಾಡುತ್ತಿದ್ದಂತೆ ಪ್ರತಿ ಹಾಡಿಗೂ ರಚನೆ, ರಾಗ ಸಂಯೋಜನೆ, ಗಾಯನ ಎಂದು ಮೂರೂ ಹೆಸರು ಹೇಳಿಯೇ ಹಾಡು ಹಾಕುವುದು. ಹಾಡು ಹಾಕುವ ಹುಡುಗರು ಮೊದಮೊದಲು ‘ಟೈಮ್ ವೇಸ್ಟ್ ಸಾರ್’ ಎಂದರು, ಈಗ ಅವರೇ ತಬಲಾ ಯಾರದೆಂದು ಕೇಳುತ್ತಾರೆ.

ಡಬ್ಬಗಳಲ್ಲಿ ಒಂದು ಕ್ಯಾಸೆಟ್ ಮಾತ್ರ ಉಳಿದುಕೊಂಡಿದೆ. ಒಳಗೆ ಕಾಗದ ಇಲ್ಲ, ಮೇಲಿನ ಚೀಟಿ ಸವೆದುಹೋಗಿದೆ. ‘ಎ’ ಬದಿಯಲ್ಲಿ ಎರಡನೇ ಹಾಡು, ಹೆಣ್ಣಿನ ದನಿ, ಹಾರ್ಮೋನಿಯಂ ಮತ್ತು ತಬಲಾ ಅಷ್ಟೇ. ಧಾರವಾಡದ ಕಡೆಯ ಮಾತು. ಸಾಹಿತ್ಯದಲ್ಲಿ ಅಂಕಿತ ಇಲ್ಲ. ಆಂಟಿಗೆ ಅದು ಯಾರು ಕೊಟ್ಟದ್ದೆಂದು ನೆನಪಿಲ್ಲ, ಆಸ್ಟಿನ್‌ನ ಹಿರಿಯರಿಗೂ ಗೊತ್ತಾಗಲಿಲ್ಲ, ಫೋನಿನಲ್ಲಿ ಹಾಡು ಗುರುತಿಸುವ ಆ್ಯಪ್‌ಗಳೂ ಕೈಚೆಲ್ಲಿದವು. ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಹಾಡನ್ನು ಎರಡು ಸಲ ಹಾಕುತ್ತೇವೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಹತ್ತಿರ ಕೂರಿಸಿಕೊಳ್ಳಿ. ಆಕೆಯ ಹೆಸರು ಗೊತ್ತಿದ್ದವರು, ಹಾಡು ಮುಗಿಯುವ ತನಕ ಕಾಯಬೇಡಿ, ಕೂಡಲೇ ಫೋನ್ ಮಾಡಿ.